ದೇಹದ ಮಾತನ್ನೇ ಕಲಿತ ವೈರಾಣು

ಬೆಂಗಳೂರಿನ ಮಡಿವಾಳದಲ್ಲಿ ದಿನವು ಸೂರ್ಯೋದಯಕ್ಕೆ ಮೊದಲೇ ಆರಂಭವಾಗುತ್ತದೆ. ಮಾರುಕಟ್ಟೆಗೆ ತರಕಾರಿಯ ಗಾಡಿಗಳು ಬಂದು ನಿಲ್ಲುವ ಹೊತ್ತಿಗೆ ಹಾಲಿನ ಬೂತುಗಳ ಮುಂದೆಯೂ ಜನ ಸೇರಿರುತ್ತಾರೆ. ಡೇರಿ ವೃತ್ತಕ್ಕೆ ಹೆಸರು ಕೊಟ್ಟ ಹಾಲಿನ ಡೇರಿಯು ಇಲ್ಲಿಂದ ಹೆಚ್ಚು ದೂರವಿಲ್ಲ. ಸುತ್ತಲ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಕರೆದ ಹಾಲು ನಗರದ ಮನೆಗಳನ್ನು ತಲಪುವುದು ಇಂತಹ ಡೇರಿಗಳ ಮೂಲಕವೇ. 2022ರಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲೆಗಳ ದನಕರುಗಳಲ್ಲಿ ಚರ್ಮಗಂಟು ರೋಗವು ಹರಡಿದಾಗ, ಹಸುವನ್ನು ಹತ್ತಿರದಿಂದ ಕಾಣದ ಬಡಾವಣೆಗಳಲ್ಲಿಯೂ ಒಂದು ಆತಂಕ ಮೂಡಿತು. “ಹಸುಗಳ ಮೈಮೇಲೆಲ್ಲ ಗಂಟು ಏಳುತ್ತಿವೆಯಂತೆ, ಈ ಹಾಲನ್ನು ಮಕ್ಕಳಿಗೆ ಕುಡಿಸಬಹುದೇ?” ಎಂಬ ಪ್ರಶ್ನೆಯನ್ನು ನಾವೂ ಅನೇಕ ಸಲ ಕೇಳಿಸಿಕೊಂಡೆವು.

ಆ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಚರ್ಮಗಂಟು ರೋಗವು ಮನುಷ್ಯರಿಗೆ ಅಂಟುವುದಿಲ್ಲ. ಚೆನ್ನಾಗಿ ಕಾಯಿಸಿದ ಹಾಲನ್ನು ನಿರ್ಭಯವಾಗಿ ಕುಡಿಯಬಹುದು. ಆದರೆ ಹಳ್ಳಿಯ ರೈತಬಂಧುಗಳ ಪ್ರಶ್ನೆ ಬೇರೆಯಾಗಿತ್ತು. “ನಿನ್ನೆಯವರೆಗೆ ಗಟ್ಟಿಮುಟ್ಟಾಗಿ ಮೇಯುತ್ತಿದ್ದ ಹಸು. ಅದರ ಮೈಯಲ್ಲಿ ರೋಗವನ್ನು ಎದುರಿಸುವ ಶಕ್ತಿ ಇರಲಿಲ್ಲವೇ? ಇದ್ದರೆ ಇಷ್ಟು ಗಂಟುಗಳು ಏಳುವವರೆಗೆ ಆ ಶಕ್ತಿ ಏನು ಮಾಡುತ್ತಿತ್ತು?” ಎಂದು ಅವರು ಕೇಳುತ್ತಿದ್ದರು. ಈ ಪ್ರಶ್ನೆಯು ಮೊದಲನೆಯದಕ್ಕಿಂತ ಆಳವಾದುದು. ಇದಕ್ಕೆ ವಿಜ್ಞಾನವು ಕಳೆದ ಮೂರೂವರೆ ದಶಕಗಳಲ್ಲಿ ಕಂಡುಕೊಂಡಿರುವ ಉತ್ತರವು ಕೌತುಕಕರವಾಗಿದೆ. ಕೊಟ್ಟಿಗೆಯಲ್ಲಿಯೂ ಮನೆಯಲ್ಲಿಯೂ ನಾವು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅದು ತಿಳಿಸಿಕೊಡುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿವರಿಸಲು ಪ್ರಯತ್ನಿಸಿದ್ದೇವೆ.

ಮೈಯೊಳಗಿನ ಡಂಗುರ

ಹಿಂದೆ ಊರಿಗೆ ಆಪತ್ತು ಬಂದಾಗ ಡಂಗುರ ಸಾರುತ್ತಿದ್ದರು. ಡಂಗುರ ಸಾರುವವನು ತಾನೇ ಕಳ್ಳನನ್ನು ಹಿಡಿಯುವುದಿಲ್ಲ, ಸುದ್ದಿಯನ್ನು ಮುಟ್ಟಿಸುತ್ತಾನೆ. ಸುದ್ದಿ ಕೇಳಿದವರು ಕೋಲು ಹಿಡಿದು ಹೊರಬರುತ್ತಾರೆ. ಆಪತ್ತು ಕಳೆದ ಮೇಲೆ ಎಲ್ಲರೂ ಮನೆಗೆ ಹಿಂದಿರುಗಿರಿ ಎಂದು ಮತ್ತೊಮ್ಮೆ ಡಂಗುರ ಸಾರಬೇಕು. ಇಲ್ಲದಿದ್ದರೆ ಕೋಲು ಹಿಡಿದ ಜನರೇ ಊರಿಗೆ ತೊಂದರೆಯಾಗುತ್ತಾರೆ.

ನಮ್ಮ ದೇಹದಲ್ಲಿಯೂ ಹಸುವಿನ ದೇಹದಲ್ಲಿಯೂ ಇಂತಹದೇ ವ್ಯವಸ್ಥೆ ಇದೆ. ಒಂದು ಜೀವಕೋಶವನ್ನು ವೈರಾಣು ಹೊಕ್ಕಾಗ ಆ ಕೋಶವು ಕೆಲವು ಸಣ್ಣ ಪ್ರೋಟೀನುಗಳನ್ನು ಹೊರಸೂಸುತ್ತದೆ. ಇವುಗಳಿಗೆ ಸೈಟೊಕೈನ್‌ಗಳೆಂದು ಹೆಸರು. ಇವು ಸುದ್ದಿಯನ್ನು ಮುಟ್ಟಿಸುವ ಸಂಕೇತಗಳು. ಅವುಗಳಲ್ಲಿ ಒಂದಾದ ಇಂಟರ್‌ಫೆರಾನ್ ಎಂಬುದನ್ನು 1957ರಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಲಂಡನ್ನಿನಲ್ಲಿ ಗುರುತಿಸಿದರು. ‘ವೈರಾಣು ಬಂದಿದೆ, ಬಾಗಿಲು ಭದ್ರಪಡಿಸಿರಿ’ ಎಂದು ನೆರೆಯ ಕೋಶಗಳಿಗೆ ತಿಳಿಸುವುದು ಅದರ ಕಾರ್ಯ. ಇಂಟರ್‌ಲ್ಯೂಕಿನ್-1 ಎಂಬ ಮತ್ತೊಂದು ಸಂಕೇತವು ಜ್ವರವನ್ನು ಬರಿಸುತ್ತದೆ. ಕೀಮೊಕೈನ್‌ಗಳೆಂಬವು ಬಿಳಿ ರಕ್ತಕಣಗಳಿಗೆ ದಾರಿ ತೋರಿಸಿ ಸೋಂಕಿನ ಸ್ಥಳಕ್ಕೆ ಕರೆತರುತ್ತವೆ. ಇಂಟರ್‌ಲ್ಯೂಕಿನ್-10 ಎಂಬುದರ ಕೆಲಸ ಇವೆಲ್ಲಕ್ಕೂ ವಿರುದ್ಧವಾದುದು. ‘ಸಾಕು, ಶಾಂತರಾಗಿರಿ’ ಎಂದು ಹೇಳಿ ಉರಿಯೂತವನ್ನು ತಗ್ಗಿಸುವ ಸಂಕೇತ ಅದು.

ಸಂಕೇತವನ್ನು ಕಳಿಸಿದರೆ ಸಾಲದು, ಕೇಳುವ ಕಿವಿಯೂ ಬೇಕು. ಜೀವಕೋಶಗಳ ಹೊರಮೈಯಲ್ಲಿರುವ ಗ್ರಾಹಕಗಳೆಂಬ ಪ್ರೋಟೀನುಗಳೇ ಆ ಕಿವಿಗಳು. ಪ್ರತಿಯೊಂದು ಸಂಕೇತಕ್ಕೂ ತಕ್ಕ ಗ್ರಾಹಕವಿದೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಇವೆರಡೂ ಹೊಂದಿಕೊಂಡಾಗ ಮಾತ್ರ ಸುದ್ದಿಯು ಕೋಶದೊಳಗೆ ಮುಟ್ಟುತ್ತದೆ.

ರೋಗನಿರೋಧಕ ಶಕ್ತಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಲ. ಆದರೆ ಬಲದಷ್ಟೇ ಮುಖ್ಯವಾದುದು ಸುದ್ದಿ. ಸರಿಯಾದ ಸುದ್ದಿಯು ಸರಿಯಾದ ವೇಳೆಗೆ ತಲಪದಿದ್ದರೆ ಎಷ್ಟು ಬಲವಿದ್ದರೂ ಪ್ರಯೋಜನವಿಲ್ಲ. ಕೆಲವು ವೈರಾಣುಗಳು ಕೈಹಾಕುವುದು ಇದೇ ಸ್ಥಳದಲ್ಲಿ.

ವೈರಾಣುವಿನ ಮೂರು ಉಪಾಯಗಳು

ಸಿಡುಬು, ಗೋವಿನ ಸಿಡುಬು, ಕುರಿ ಸಿಡುಬು, ಮೇಕೆ ಸಿಡುಬು, ಚರ್ಮಗಂಟು ರೋಗ ಇವೆಲ್ಲವನ್ನೂ ಉಂಟುಮಾಡುವ ವೈರಾಣುಗಳು ಪಾಕ್ಸ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ವೈರಾಣುಗಳಲ್ಲಿ ಇವು ದೊಡ್ಡವು. ಒಂದೊಂದರಲ್ಲಿಯೂ ನೂರೈವತ್ತು, ಇನ್ನೂರರಷ್ಟು ಜೀನುಗಳಿರುತ್ತವೆ. ಅವುಗಳಲ್ಲಿ ಹಲವು ಜೀನುಗಳು ವೈರಾಣುವಿನ ವೃದ್ಧಿಗೆ ನೇರವಾಗಿ ಬೇಕಾದವುಗಳಲ್ಲ. ಅವು ಪ್ರಾಣಿದೇಹದ ಸಂಕೇತ ವ್ಯವಸ್ಥೆಯನ್ನು ಅನುಕರಿಸುವ ಪ್ರೋಟೀನುಗಳನ್ನು ತಯಾರಿಸುತ್ತವೆ. ಯುಗಯುಗಗಳ ಹಿಂದೆ ತಾವು ಆಶ್ರಯಿಸಿದ ಪ್ರಾಣಿಗಳಿಂದಲೇ ವೈರಾಣುಗಳು ಇಂತಹ ಅನೇಕ ಜೀನುಗಳನ್ನು ಪಡೆದುಕೊಂಡು ತಮ್ಮ ಅನುಕೂಲಕ್ಕೆ ತಿದ್ದಿಕೊಂಡಿವೆ. ಈ ಅನುಕರಣೆಯಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಕಾಣಬಹುದು.

ಮೊದಲನೆಯದು ಸುಳ್ಳು ಡಂಗುರ. ವೈರಾಣುವು ದೇಹದ ಸಂಕೇತವನ್ನೇ ಹೋಲುವ ಪ್ರೋಟೀನನ್ನು ತಯಾರಿಸಿ ಹೊರಬಿಡುತ್ತದೆ. ಕುರಿ ಮೇಕೆಗಳ ಬಾಯಿಯ ಸುತ್ತ ಹುಣ್ಣು, ಹಕ್ಕಳೆಗಳನ್ನು ಉಂಟುಮಾಡುವ ಓರ್ಫ್ ವೈರಾಣುವಿನಲ್ಲಿ ಇಂಟರ್‌ಲ್ಯೂಕಿನ್-10ನ್ನು ಹೋಲುವ ಜೀನು ಇರುವುದು 1997ರಲ್ಲಿ ಪ್ರಕಟವಾಯಿತು. ಅದು ಕುರಿಯ ಸ್ವಂತ ಇಂಟರ್‌ಲ್ಯೂಕಿನ್-10ಕ್ಕೆ ಬಹಳ ಹತ್ತಿರದ ನಕಲು. ಸೋಂಕು ಇನ್ನೂ ಹರಡುತ್ತಿರುವಾಗಲೇ ‘ಆಪತ್ತು ಕಳೆಯಿತು, ಮನೆಗೆ ಹೋಗಿರಿ’ ಎಂಬ ಡಂಗುರವು ವೈರಾಣುವಿನ ಕಡೆಯಿಂದ ಹೊರಡುತ್ತದೆ.

ಎರಡನೆಯದು ಕಳ್ಳ ಕಿವಿ. ಇಲ್ಲಿ ವೈರಾಣು ಸಂಕೇತವನ್ನು ನಕಲು ಮಾಡುವುದಿಲ್ಲ. ಸಂಕೇತವನ್ನು ಕೇಳುವ ಗ್ರಾಹಕವನ್ನು ನಕಲು ಮಾಡುತ್ತದೆ. ಈ ನಕಲಿ ಗ್ರಾಹಕಗಳು ಸೋಂಕು ತಗಲಿದ ಕೋಶದಿಂದ ಹೊರಗೆ ಬಂದು, ದೇಹ ಕಳಿಸಿದ ಸುದ್ದಿಯನ್ನು ನಡುದಾರಿಯಲ್ಲಿಯೇ ಹಿಡಿದುಕೊಳ್ಳುತ್ತವೆ. ಸಿಡುಬಿನ ಲಸಿಕೆಯಲ್ಲಿ ಬಳಸುವ ವ್ಯಾಕ್ಸಿನಿಯಾ ವೈರಾಣುವಿನಲ್ಲಿ ಇಂಟರ್‌ಫೆರಾನನ್ನು ಹಿಡಿಯುವ ಇಂತಹ ಕಿವಿ ಒಂದಿದೆ, ಇಂಟರ್‌ಲ್ಯೂಕಿನ್-1ನ್ನು ಹಿಡಿಯುವುದು ಮತ್ತೊಂದಿದೆ. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಎರಡನೆಯ ಜೀನನ್ನು ತೆಗೆದುಹಾಕಿದ ವೈರಾಣುವಿನಿಂದ ಇಲಿಗಳಿಗೆ ಸೋಂಕು ತಗಲಿಸಿದಾಗ ಅವುಗಳಿಗೆ ಜ್ವರ ಬಂದಿತು. ಜೀನು ಇದ್ದ ವೈರಾಣುವಿನ ಸೋಂಕಿನಲ್ಲಿ ಆ ಜ್ವರವು ಅಡಗಿಹೋಗಿತ್ತು. ಜ್ವರವನ್ನು ಬರಿಸುವ ಸುದ್ದಿಯನ್ನು ವೈರಾಣುವೇ ತಡೆಹಿಡಿದಿತ್ತೆಂಬುದು ಇದರಿಂದ ಸ್ಪಷ್ಟವಾಯಿತು.

ಮೂರನೆಯದು ಕಳ್ಳ ಮುದ್ರೆ. ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಮೂಹವಿದೆ. ಇವು ಹೊರಗಿನಿಂದ ಬಂದ ಜೀವಿಗಳ ಮೈಗೆ ಅಂಟಿಕೊಂಡು ಅವುಗಳನ್ನು ನಾಶಮಾಡುತ್ತವೆ. ನಮ್ಮದೇ ಕೋಶಗಳಿಗೆ ಇವುಗಳಿಂದ ಹಾನಿಯಾಗದಿರಲೆಂದು ದೇಹವು ಕೆಲವು ನಿಯಂತ್ರಕ ಪ್ರೋಟೀನುಗಳನ್ನು ಇಟ್ಟುಕೊಂಡಿದೆ. ‘ಇದು ಮನೆಯವರದು, ಮುಟ್ಟಬೇಡ’ ಎಂಬ ಮುದ್ರೆ ಇದ್ದಂತೆ ಅವು. ವ್ಯಾಕ್ಸಿನಿಯಾ ವೈರಾಣು ಈ ಮುದ್ರೆಯನ್ನು ಹೋಲುವ ಪ್ರೋಟೀನನ್ನು ಹೊರಸೂಸುತ್ತದೆಂಬುದನ್ನು 1988ರಲ್ಲಿ ಗಿರೀಶ್ ಕೋತ್ವಾಲ್ ಮತ್ತು ಬರ್ನಾರ್ಡ್ ಮಾಸ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ಪ್ರಕಟಿಸಿದರು. ಈ ಕ್ಷೇತ್ರದ ಆರಂಭದ ಹೆಜ್ಜೆಗಳಲ್ಲಿ ಅದು ಪ್ರಮುಖವಾದುದು.

ಹನ್ನೊಂದು ಅಕ್ಷರಗಳ ಅಂತರ

ಈ ಅನುಕರಣೆಯಿಂದ ರೋಗದ ತೀವ್ರತೆ ನಿಜವಾಗಿಯೂ ಬದಲಾಗುತ್ತದೆಯೇ ಎಂಬ ಸಂದೇಹ ಓದುಗರಿಗೆ ಬರಬಹುದು. ಅದಕ್ಕೆ ಉತ್ತರವು ಸಿಡುಬಿನ ಇತಿಹಾಸದಲ್ಲಿದೆ. ಆ ಇತಿಹಾಸದಲ್ಲಿ ಮೈಸೂರಿಗೂ ಬೆಂಗಳೂರಿಗೂ ಪಾಲಿದೆ.

ನಮ್ಮ ಹಿರಿಯರು ಮೈಲಿ ಬೇನೆ ಎಂದು ಕರೆಯುತ್ತಿದ್ದ ಸಿಡುಬು ಊರೂರುಗಳನ್ನು ಬರಿದುಮಾಡಿದ ರೋಗ. ಗೋವಿನ ಸಿಡುಬು ತಗಲಿದವರಿಗೆ ಮೈಲಿ ಬರುವುದಿಲ್ಲವೆಂಬುದನ್ನು 1796ರಲ್ಲಿ ಎಡ್ವರ್ಡ್ ಜೆನ್ನರ್ ಪರೀಕ್ಷಿಸಿ ತೋರಿಸಿದನು. ವ್ಯಾಕ್ಸಿನ್ ಎಂಬ ಹೆಸರು ಬಂದಿರುವುದೇ ಹಸು ಎಂಬ ಅರ್ಥದ ಲ್ಯಾಟಿನ್ ಪದದಿಂದ. 1802ರಲ್ಲಿ ಈ ಲಸಿಕೆಯು ಮುಂಬಯಿಗೆ ಬಂದಿಳಿಯಿತು. ಕೆಲವೇ ವರ್ಷಗಳಲ್ಲಿ ಅದು ಮೈಸೂರಿನ ಅರಮನೆಯನ್ನೂ ತಲಪಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನಲ್ಲಿ ಬರೆದ ವರ್ಣಚಿತ್ರವೊಂದರಲ್ಲಿ ಮೂವರು ರಾಜಮನೆತನದ ಸ್ತ್ರೀಯರಿದ್ದಾರೆ. ಅವರಲ್ಲಿ ಒಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯವರೆಂದೂ, ಸೀರೆಯ ಸೆರಗಿನ ಬಳಿ ಕೈಯಿಟ್ಟು ಅವರು ಸೂಚಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ತೋಳನ್ನೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಅರಸುಮನೆತನದವರೇ ಹಾಕಿಸಿಕೊಂಡರೆ ಪ್ರಜೆಗಳ ಭಯ ಕಳೆಯುವುದೆಂಬ ಆಶಯ ಅದರಲ್ಲಿದ್ದಂತೆ ತೋರುತ್ತದೆ. ಆ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿಯೇ ಲಸಿಕೆ ತಯಾರಿಸುವ ಸಂಸ್ಥೆ ಇದ್ದಿತು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾ. ಪಲ್ಪು ಅವರು ಅಲ್ಲಿ ಕೆಲಸಮಾಡಿದ್ದರು. ಆ ಕಾಲದಲ್ಲಿ ಲಸಿಕೆಯನ್ನು ಬೆಳೆಸುತ್ತಿದ್ದುದು ಕರುಗಳ ಚರ್ಮದ ಮೇಲೆ. 1975ರಲ್ಲಿ ಭಾರತದಲ್ಲಿ ಕೊನೆಯ ಸಿಡುಬು ರೋಗಿ ಕಾಣಿಸಿಕೊಂಡರು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಘೋಷಿಸಿತು.

ಲಸಿಕೆಯ ವೈರಾಣುವೂ ಸಿಡುಬಿನ ವೈರಾಣುವೂ ಹತ್ತಿರದ ಬಂಧುಗಳು. ಒಂದು ತೋಳಿನ ಮೇಲೆ ಒಂದು ಕಲೆಯನ್ನಷ್ಟೇ ಬಿಟ್ಟು ಹೋಗುತ್ತದೆ. ಇನ್ನೊಂದು ಪ್ರಾಣವನ್ನೇ ಒಯ್ಯುತ್ತಿತ್ತು. ಈ ಅಂತರಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದನ್ನು 2002ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಮೇಲೆ ಹೇಳಿದ ಕಳ್ಳ ಮುದ್ರೆಯು ಎರಡು ವೈರಾಣುಗಳಲ್ಲಿಯೂ ಇದೆ. ಪ್ರೋಟೀನುಗಳನ್ನು ಅಮೈನೊ ಆಮ್ಲಗಳೆಂಬ ಅಕ್ಷರಗಳಿಂದ ಬರೆದ ಪದವೆಂದು ಭಾವಿಸಿದರೆ, ಈ ಎರಡು ಮುದ್ರೆಗಳಿಗೆ ಇರುವ ವ್ಯತ್ಯಾಸ ಕೇವಲ 11 ಅಕ್ಷರಗಳು. ಆದರೆ ಮನುಷ್ಯರ ಕಾಂಪ್ಲಿಮೆಂಟ್ ಸಮೂಹದ ಒಂದು ಮುಖ್ಯ ಪ್ರೋಟೀನನ್ನು ನಿಷ್ಕ್ರಿಯಗೊಳಿಸುವುದರಲ್ಲಿ ಸಿಡುಬಿನ ವೈರಾಣುವಿನ ಮುದ್ರೆಯು ಲಸಿಕೆಯ ವೈರಾಣುವಿನದಕ್ಕಿಂತ ಸುಮಾರು 100 ಪಟ್ಟು ಸಮರ್ಥವಾಗಿತ್ತು. ಸಿಡುಬಿನ ವೇಷವು ಮನುಷ್ಯದೇಹದ ಅಳತೆಗೆ ಸರಿಯಾಗಿ ಹೊಲಿದದ್ದು. ಲಸಿಕೆಯ ವೈರಾಣುವಿನ ವೇಷವು ಅಷ್ಟು ಹೊಂದುವುದಿಲ್ಲ. ಈ ಮುದ್ರೆಯ ಯಾವ ಯಾವ ಅಕ್ಷರಗಳಿಂದ ಇಷ್ಟು ಸಾಮರ್ಥ್ಯ ಬಂದಿತೆಂಬುದನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಸಾಹು ಮತ್ತು ಅವರ ಸಹೋದ್ಯೋಗಿಗಳು ಮುಂದೆ ಶೋಧಿಸಿದರು.

ಹಸುವಿನ ಮೈಯಲ್ಲಿ ನಡೆಯುವುದೇನು?

ಈಗ ನಮ್ಮ ರೈತಬಂಧುಗಳ ಪ್ರಶ್ನೆಗೆ ಬರೋಣ. ಚರ್ಮಗಂಟು ರೋಗವು ಮೊದಲು ಕಾಣಿಸಿಕೊಂಡಿದ್ದು 1929ರಲ್ಲಿ, ಆಫ್ರಿಕದ ಜಾಂಬಿಯಾದಲ್ಲಿ. ಭಾರತದಲ್ಲಿ 2019ರಲ್ಲಿ ಒಡಿಶಾದಿಂದ ಮೊದಲ ವರದಿ ಬಂದಿತು. 2022ರಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ದನಕರುಗಳು ಇದಕ್ಕೆ ಬಲಿಯಾದವು. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ದನಗಳ ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಯಿತು.

ಈ ವೈರಾಣುವಿನ ಸಂಪೂರ್ಣ ಜೀನು ಸಮುಚ್ಚಯವನ್ನು ವಿಜ್ಞಾನಿಗಳು 2001ರಲ್ಲಿಯೇ ಓದಿದ್ದರು. ಅದರಲ್ಲಿ 156 ಜೀನುಗಳಿರುವುದಾಗಿ ಅವರು ಅಂದಾಜು ಮಾಡಿದರು. ಅವುಗಳ ನಡುವೆ ಇಂಟರ್‌ಲ್ಯೂಕಿನ್-10ನ್ನು ಹೋಲುವ ಜೀನು ಇತ್ತು. ಅಂದರೆ ಸುಳ್ಳು ಡಂಗುರದ ಜೀನು. ಇಂಟರ್‌ಲ್ಯೂಕಿನ್-1ನ್ನು ಹಿಡಿಯುವ ಪ್ರೋಟೀನಿನ ಜೀನು, ಕೀಮೊಕೈನ್ ಗ್ರಾಹಕವನ್ನು ಹೋಲುವ ಜೀನು ಇದ್ದವು. ಇವು ಕಳ್ಳ ಕಿವಿಗಳು. ಚರ್ಮದ ಕೋಶಗಳನ್ನು ಬೆಳೆಯಿಸುವ ಸಂಕೇತವನ್ನು ಹೋಲುವ ಮತ್ತೊಂದು ಜೀನೂ ಇತ್ತು. ಪಾಕ್ಸ್ ಕುಟುಂಬದ ವ್ಯಾಕ್ಸಿನಿಯಾದಲ್ಲಿ ಇದೇ ಬಗೆಯ ಸಂಕೇತವು ಸೋಂಕು ತಗಲಿದ ಸ್ಥಳದ ಸುತ್ತಲಿನ ಕೋಶಗಳು ವಿಭಜಿಸಿ ಹೆಚ್ಚುವಂತೆ ಪ್ರಚೋದಿಸುತ್ತದೆ. ಬೆಳೆಯುತ್ತಿರುವ ಕೋಶಗಳಲ್ಲಿ ವೈರಾಣುವಿನ ವೃದ್ಧಿಯೂ ಸುಲಭ.

ಆದುದರಿಂದ ಹಸುವಿನ ರೋಗನಿರೋಧಕ ಶಕ್ತಿಯು ನಿದ್ರಿಸುತ್ತಿರಲಿಲ್ಲ. ಅದರ ಡಂಗುರದ ನಡುವೆ ಸುಳ್ಳು ಡಂಗುರವೂ ಕೇಳಿಬರುತ್ತಿತ್ತು. ಅದರ ಕೆಲವು ಸುದ್ದಿಗಳನ್ನು ಕಳ್ಳ ಕಿವಿಗಳು ಹಿಡಿಯುತ್ತಿದ್ದವು. ವೈರಾಣುವಿಗೆ ಬೇಕಾದುದು ಶಾಶ್ವತ ವಿಜಯವಲ್ಲ, ಕೆಲವು ದಿನಗಳ ಕಾಲಾವಕಾಶ. ಆ ದಿನಗಳಲ್ಲಿ ಅದು ವೃದ್ಧಿಗೊಂಡು ಚರ್ಮವನ್ನು ಸೇರುತ್ತದೆ. ಅಲ್ಲಿಂದ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಮುಂದಿನ ಹಸುವಿಗೆ ಒಯ್ಯುತ್ತವೆ. ವಿಪರೀತ ಜ್ವರ, ಕಣ್ಣು ಮೂಗಿನಿಂದ ಸ್ರಾವ, ಎರಡರಿಂದ ಐದು ಸೆಂಟಿಮೀಟರ್ ಗಾತ್ರದ ಗಂಟುಗಳು, ಕಾಲುಗಳ ಬಾವು, ಹಾಲಿನ ಇಳುವರಿ ಕುಸಿಯುವುದು, ಗರ್ಭಪಾತ ಇವು ಆ ಹೊತ್ತಿಗೆ ಹೊರಗೆ ಕಾಣಿಸುವ ಲಕ್ಷಣಗಳು. ಆದರೂ ಬಹುಪಾಲು ಹಸುಗಳು ಬದುಕುಳಿಯುತ್ತವೆ. ದೇಹದ ಬಳಿ ಒಂದಲ್ಲ, ಹಲವು ಸಂಕೇತಗಳಿವೆ. ವೈರಾಣು ಎಲ್ಲವನ್ನೂ ಅಡಗಿಸಲಾರದು.

ಪಾಕ್ಸ್ ವೈರಾಣುಗಳ ವೇಷವು ಬಹುಮಟ್ಟಿಗೆ ತಾವು ಆಶ್ರಯಿಸುವ ಪ್ರಾಣಿಗೆ ತಕ್ಕಂತೆ ರೂಪುಗೊಂಡಿರುತ್ತದೆ. ಒಂದು ಪ್ರಾಣಿಯಲ್ಲಿ ಮಾರಕವಾಗುವ ವೈರಾಣುವು ಇನ್ನೊಂದರಲ್ಲಿ ನಿಲ್ಲಲಾರದಿರುವುದಕ್ಕೆ ಇದೂ ಒಂದು ಕಾರಣ.

ಮನುಷ್ಯರಲ್ಲಿಯೂ ಇದೇ ಆಟ

ಇಂತಹ ಅನುಕರಣೆ ಮಾಡುವ ವೈರಾಣುಗಳಲ್ಲಿ ಕೆಲವು ನಮ್ಮೆಲ್ಲರ ಮನೆಗಳಲ್ಲಿಯೂ ಇವೆ. ಎಪ್‌ಸ್ಟೈನ್-ಬಾರ್ ಎಂಬ ವೈರಾಣುವು ಬಹುಪಾಲು ಮನುಷ್ಯರಿಗೆ ಒಂದಲ್ಲ ಒಂದು ವಯಸ್ಸಿನಲ್ಲಿ ತಗಲಿ, ಜೀವನಪೂರ್ತಿ ದೇಹದಲ್ಲಿ ಅಡಗಿ ಉಳಿಯುತ್ತದೆ. ಅದರಲ್ಲಿ ಮನುಷ್ಯರ ಇಂಟರ್‌ಲ್ಯೂಕಿನ್-10ನ್ನು ಶೇಕಡಾ 80ಕ್ಕೂ ಹೆಚ್ಚು ಹೋಲುವ ಪ್ರೋಟೀನಿನ ಜೀನು ಇರುವುದು 1990ರಲ್ಲಿ ತಿಳಿಯಿತು. ಗರ್ಭಿಣಿಯರಿಂದ ಶಿಶುವಿಗೆ ದಾಟಿ ಕೆಲವೊಮ್ಮೆ ಕಿವುಡುತನಕ್ಕೆ ಕಾರಣವಾಗುವ ಸೈಟೊಮೆಗಾಲೊ ವೈರಾಣುವಿನಲ್ಲಿಯೂ ಇಂತಹ ಜೀನು ಇದೆ. ಆದರೆ ಅದರ ಹೋಲಿಕೆ ಶೇಕಡಾ 27ರಷ್ಟು ಮಾತ್ರ. ಇಷ್ಟು ಕಡಿಮೆ ಹೋಲಿಕೆಯಿದ್ದರೂ ಅದು ಇಂಟರ್‌ಲ್ಯೂಕಿನ್-10ರ ಗ್ರಾಹಕಕ್ಕೆ ಸರಿಯಾಗಿ ಹೊಂದಿಕೊಂಡು ಅದೇ ಶಾಂತಿಸಂದೇಶವನ್ನು ಮುಟ್ಟಿಸುತ್ತದೆ. ಕೀಲಿಕೈಯ ಹಿಡಿಕೆ ಹೇಗಿದ್ದರೂ ಹಲ್ಲುಗಳು ಹೊಂದಿದರೆ ಬೀಗ ತೆರೆಯುತ್ತದೆಯಲ್ಲವೇ?

ಮಕ್ಕಳ ಮೈಮೇಲೆ ಮುತ್ತಿನಂತಹ ಸಣ್ಣ ಗುಳ್ಳೆಗಳು ಎದ್ದು, ನೋವಿಲ್ಲದೆ ಕೆಂಪಾಗದೆ ತಿಂಗಳುಗಟ್ಟಲೆ ಉಳಿಯುವುದನ್ನು ಕೆಲವು ತಾಯಂದಿರು ಕಂಡಿರಬಹುದು. ಇದನ್ನು ಉಂಟುಮಾಡುವ ಮೊಲಸ್ಕಮ್ ವೈರಾಣುವೂ ಪಾಕ್ಸ್ ಕುಟುಂಬದ್ದೇ. ಉರಿಯೂತವನ್ನು ಎಬ್ಬಿಸುವ ಇಂಟರ್‌ಲ್ಯೂಕಿನ್-18 ಎಂಬ ಸಂಕೇತವನ್ನು ಹಿಡಿದಿಡುವ ಪ್ರೋಟೀನು ಅದರಲ್ಲಿದೆ. ಗುಳ್ಳೆ ಎದ್ದರೂ ಸುತ್ತಲ ಚರ್ಮವು ಸುಮ್ಮನಿರುವುದಕ್ಕೆ ಇಂತಹ ಪ್ರೋಟೀನುಗಳು ಕಾರಣ. ಕೆಲವೊಮ್ಮೆ ಆ ಗುಳ್ಳೆಗಳು ಕೆಂಪಾಗಿ ಊದಿಕೊಳ್ಳುತ್ತವೆ. ಅನೇಕ ವೇಳೆ ಅದು ದೇಹಕ್ಕೆ ಕೊನೆಗೂ ಸುದ್ದಿ ತಲಪಿದುದರ ಗುರುತು. ಗುಳ್ಳೆಗಳು ಮಾಯವಾಗಲಿವೆಯೆಂಬ ಸೂಚನೆ.

ವೇಷವಿದ್ದರೂ ಲಸಿಕೆ ಗೆಲ್ಲುವುದು ಹೇಗೆ?

ವೈರಾಣು ಇಷ್ಟು ಜಾಣತನದಿಂದ ವರ್ತಿಸುವುದಾದರೆ ಲಸಿಕೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಉತ್ತರವಿರುವುದು ಕಾಲದಲ್ಲಿ. ನಕಲಿ ಸಂಕೇತಗಳನ್ನು ತಯಾರಿಸಬೇಕಾದರೆ ವೈರಾಣು ಮೊದಲು ಜೀವಕೋಶವನ್ನು ಹೊಕ್ಕು ಅಲ್ಲಿ ಕೆಲಸ ಆರಂಭಿಸಬೇಕು. ಲಸಿಕೆ ಪಡೆದ ದೇಹದಲ್ಲಿ ಆ ವೈರಾಣುವನ್ನು ಗುರುತಿಸುವ ಪ್ರತಿಕಾಯಗಳೂ ನೆನಪಿನ ಕೋಶಗಳೂ ಮೊದಲೇ ಸಿದ್ಧವಾಗಿರುತ್ತವೆ. ವೈರಾಣುವು ವೇಷ ತೊಡುವ ಮುನ್ನವೇ ಅವು ಅದನ್ನು ಹಿಡಿಯುತ್ತವೆ. ವೇಷವನ್ನೇ ಗುರುತಿಸುವಂತೆ ದೇಹಕ್ಕೆ ಕಲಿಸುವುದೂ ಸಾಧ್ಯ. ಇಲಿಗಳ ಸಿಡುಬಿನ ವೈರಾಣುವಿನಲ್ಲಿರುವ ಇಂಟರ್‌ಫೆರಾನ್ ಹಿಡಿಯುವ ಕಳ್ಳ ಕಿವಿಯನ್ನೇ ಲಸಿಕೆಯಾಗಿ ಕೊಟ್ಟಾಗ ಇಲಿಗಳು ಮಾರಕ ಸೋಂಕಿನಿಂದ ಪಾರಾದುವೆಂದು 2008ರಲ್ಲಿ ವರದಿಯಾಯಿತು.

ನಮ್ಮ ದೇಶದಲ್ಲಿ ಚರ್ಮಗಂಟು ರೋಗಕ್ಕೆ ಮೊದಲು ಬಳಸಿದ್ದು ಮೇಕೆ ಸಿಡುಬಿನ ಲಸಿಕೆ. ಎರಡು ವೈರಾಣುಗಳೂ ಹತ್ತಿರದ ಬಂಧುಗಳಾದುದರಿಂದ ಒಂದನ್ನು ಗುರುತಿಸಲು ಕಲಿತ ದೇಹವು ಇನ್ನೊಂದನ್ನೂ ಗುರುತಿಸುತ್ತದೆ. 2022ರ ಆಗಸ್ಟ್ ತಿಂಗಳಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸಂಸ್ಥೆಗಳು ಲಂಪಿ-ಪ್ರೊವ್ಯಾಕ್‌ಇಂಡ್ ಎಂಬ ಸ್ವದೇಶಿ ಲಸಿಕೆಯನ್ನು ಪ್ರಕಟಿಸಿದವು. ಹಸುವಿನಿಂದ ತೆಗೆದ ವೈರಾಣುವನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿ ತಯಾರಿಸಿದ ಲಸಿಕೆ ಅದು. ಎದುರಾಳಿಯಿಲ್ಲದ ಗಾಜಿನ ಪಾತ್ರೆಯಲ್ಲಿ ತಲೆಮಾರುಗಳ ಕಾಲ ಬೆಳೆದ ವೈರಾಣುವಿಗೆ ಪ್ರಾಣಿದೇಹವನ್ನು ವಂಚಿಸುವ ಅಗತ್ಯವಿರುವುದಿಲ್ಲ. ಇಂತಹ ವೈರಾಣುಗಳಲ್ಲಿ ವಂಚನೆಯ ಜೀನುಗಳು ಕ್ರಮೇಣ ಕೆಟ್ಟುಹೋಗುವುದುಂಟು.

ನಾವು ಮಾಡಬೇಕಾದುದು

ಈ ತಿಳಿವಳಿಕೆಯಿಂದ ಕೆಲವು ಪ್ರಾಯೋಗಿಕ ಮಾತುಗಳು ತಾವಾಗಿಯೇ ಹೊರಡುತ್ತವೆ.

ಒಂದು, ಲಸಿಕೆಯನ್ನು ರೋಗ ಬರುವ ಮುನ್ನ ಹಾಕಿಸಬೇಕು. ಲಸಿಕೆಯ ರಕ್ಷಣೆ ಪೂರ್ಣವಾಗಿ ದೊರೆಯಲು ಸುಮಾರು ಮೂರು ವಾರ ಬೇಕು. ನೆರೆಯ ಕೊಟ್ಟಿಗೆಯಲ್ಲಿ ಗಂಟು ಕಂಡ ಮೇಲೆ ಓಡಾಡಿದರೆ ವೈರಾಣುವಿಗೆ ಬೇಕಾದ ಕಾಲಾವಕಾಶವನ್ನು ನಾವೇ ಕೊಟ್ಟಂತೆ.

ಎರಡು, ಲಕ್ಷಣ ಕಂಡ ಹಸುವನ್ನು ಒಡನೆ ಬೇರ್ಪಡಿಸಿ, ನೊಣ, ಸೊಳ್ಳೆ, ಉಣ್ಣೆಗಳನ್ನು ನಿಯಂತ್ರಿಸಬೇಕು. ಒಣಗಿ ಉದುರಿದ ಹಕ್ಕಳೆಗಳಲ್ಲಿಯೂ ವೈರಾಣು ವಾರಗಟ್ಟಲೆ ಉಳಿಯುತ್ತದೆ. ಕೊಟ್ಟಿಗೆಯ ಶುಚಿತ್ವವನ್ನು ಅಲಕ್ಷಿಸಬಾರದು. ಬೇವು, ಅರಿಶಿನಗಳ ಲೇಪವು ಗಾಯದ ಆರೈಕೆಗೆ ನೆರವಾಗಬಹುದು, ಆದರೆ ಲಸಿಕೆಗೆ ಅದು ಬದಲಿಯಾಗಲಾರದು. ಹತ್ತಿರದ ಪಶುವೈದ್ಯರಿಗೆ ತಿಳಿಸಬೇಕು. 1962 ಎಂಬ ಉಚಿತ ಸಂಖ್ಯೆಗೆ ಕರೆಮಾಡಿದರೆ ಪಶುಚಿಕಿತ್ಸಾ ವಾಹನದ ಸೇವೆಯೂ ದೊರೆಯುತ್ತದೆ.

ಮೂರು, ಪಶುವಾಗಲಿ ಮನುಷ್ಯರಾಗಲಿ, ವೈದ್ಯರ ಸೂಚನೆಯಿಲ್ಲದೆ ಸ್ಟಿರಾಯ್ಡ್ ಔಷಧಗಳನ್ನು ಕೊಡಬಾರದು. ಸ್ಟಿರಾಯ್ಡ್‌ಗಳೂ ಉರಿಯೂತವನ್ನು ತಗ್ಗಿಸುವಂತಹವು. ಸೋಂಕಿನ ಆರಂಭದಲ್ಲಿ ಅವುಗಳನ್ನು ಕೊಟ್ಟರೆ ವೈರಾಣು ಹೇಳುತ್ತಿರುವ ‘ಸುಮ್ಮನಿರಿ’ ಎಂಬ ಮಾತಿಗೆ ನಾವೂ ದನಿಗೂಡಿಸಿದಂತಾಗುತ್ತದೆ. ಕೋವಿಡ್ ಕಾಲದಲ್ಲಿ ಇದೇ ಪಾಠವನ್ನು ಕಲಿತೆವು. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ಆಮ್ಲಜನಕದ ಅಗತ್ಯವಿದ್ದ ರೋಗಿಗಳಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಪ್ರಾಣಗಳನ್ನು ಉಳಿಸಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ. ಡಂಗುರವು ಮಿತಿಮೀರಿದಾಗ ಅಮೃತವಾಗುವ ಔಷಧವೇ ಡಂಗುರ ಸಾರಬೇಕಾದ ಹೊತ್ತಿನಲ್ಲಿ ತೊಡಕಾಗಬಹುದು. ಆ ಹೊತ್ತು ಯಾವುದೆಂದು ಅರಿಯುವುದು ವೈದ್ಯರ ಕೆಲಸ.

ನಾಲ್ಕು, ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತೇವೆಂದು ಹೇಳಿಕೊಳ್ಳುವ ಟಾನಿಕ್ಕುಗಳಿಗೆ ಮಾರುಹೋಗಬಾರದು. ದೇಹಕ್ಕೆ ಬೇಕಾದುದು ಸರಿಯಾದ ಗುರುತು ಮತ್ತು ಸರಿಯಾದ ವೇಳೆ. ಹಿತಮಿತವಾದ ಆಹಾರ, ನಿದ್ರೆ, ಶುಚಿತ್ವಗಳು ಆ ಸಮತೋಲವನ್ನು ಕಾಯುತ್ತವೆ. ಗುರುತನ್ನು ಕಲಿಸುವುದು ಲಸಿಕೆ.

ಐದು, ಮೈಮೇಲೆ ಗಂಟೆದ್ದ ಹಸುವನ್ನು ಶಾಪಗ್ರಸ್ತವೆಂದೋ ಅಪಶಕುನವೆಂದೋ ಬೀದಿಗಟ್ಟಬಾರದು. ಬೀದಿಗೆ ಬಂದ ಹಸುವಿನೊಡನೆ ರೋಗವೂ ಊರೂರಿಗೆ ನಡೆಯುತ್ತದೆ. ಆರೈಕೆ ದೊರೆತರೆ ಹೆಚ್ಚಿನವು ಗುಣಹೊಂದುತ್ತವೆ.

ಮಡಿವಾಳ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಓದುಗರಿಗೆ ಶರಣ ಮಡಿವಾಳ ಮಾಚಿದೇವರು ನೆನಪಾಗುವುದು ಸಹಜ. ಬಟ್ಟೆಯನ್ನು ಮಡಿಮಾಡುವುದನ್ನೇ ಕಾಯಕವಾಗಿ ಕೈಗೊಂಡಿದ್ದ ಅವರು, ತೊಟ್ಟ ಬಟ್ಟೆಯಿಂದಷ್ಟೇ ವ್ಯಕ್ತಿಯನ್ನು ಅಳೆಯದೆ ಒಳಗಿನ ನಡತೆಯನ್ನು ನೋಡುತ್ತಿದ್ದರೆಂಬುದು ಪರಂಪರೆಯ ನಂಬಿಕೆ. ವೇಷವನ್ನು ದಾಟಿ ನಿಜವನ್ನು ಗುರುತಿಸುವ ಕೆಲಸವು ದೇಹಕ್ಕೂ ಇದೆ. ಅದನ್ನು ಮುಂಚಿತವಾಗಿ ಕಲಿಸುವ ಹೊಣೆ ಮಾತ್ರ ನಮ್ಮದು. ಒಂದು ಕಾಲದಲ್ಲಿ ಕರುಗಳ ಮೈಮೇಲೆ ಬೆಳೆದ ಲಸಿಕೆಯು ನಮ್ಮ ಹಿರಿಯರನ್ನು ಮೈಲಿಯಿಂದ ಕಾಪಾಡಿತು. ಇಂದು ಆ ಹಸುಕರುಗಳಿಗೆ ವೇಳೆಗೆ ಸರಿಯಾಗಿ ಲಸಿಕೆ ಹಾಕಿಸುವುದರಿಂದ ಆ ಋಣದ ಒಂದು ಅಂಶವನ್ನಾದರೂ ನಾವು ತೀರಿಸಬಹುದು. ಮುಂದಿನ ಮಳೆಗಾಲಕ್ಕೆ ಮುನ್ನ ನಮ್ಮ ಓದುಗರಲ್ಲಿ ಹಸು ಸಾಕಿರುವವರೆಲ್ಲರೂ ಒಮ್ಮೆ ಪಶುವೈದ್ಯರನ್ನು ಕಂಡು ಬರಬೇಕೆಂದು ಕೋರುತ್ತೇವೆ.